ಒಂದೇ [2], ನಾಲ್ಕು ಉತ್ತರ

‘ಕನ್ನಡ’ದಲ್ಲಿ ಎಷ್ಟಕ್ಷರ? ಒಂದನೇ ಕ್ಲಾಸಿನ ಮಗುವೂ ಮೂರು ಅನ್ನುತ್ತೆ. ಪೈಥಾನ್ ಐದು ಅನ್ನುತ್ತೆ: ಕ, ನ, ಹಲಂತದ ಚಿಹ್ನೆ, ನ, ಡ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ [2] ಅಂತ ಕೇಳಿದರೆ ಸಿಗೋದು ಆ ಒಂಟಿ ಚಿಹ್ನೆ. ನಾವೇ ಬಿಡಿಸಿ ಕ, ನ್ನ, ಡ ಅಂತ ಲಿಸ್ಟ್ ಮಾಡಿದರೆ ಅದೇ [2] ‘ಡ’ ಕೊಡುತ್ತೆ. ಯುಟಿಎಫ್-8 ಬೈಟ್ಸ್ ಮಾಡಿದರೆ 149, ಅಕ್ಷರವೇ ಅಲ್ಲ! ಡಿಕ್ಷನರಿಯಲ್ಲಂತೂ 2 ಅನ್ನೋದು ಜಾಗವಲ್ಲ, ಕೀಲಿ. ಆ ಕೀಲಿ ಇಲ್ಲದಿದ್ದರೆ ಎರರ್.

ಮದೀನತ್ ಜಾಯೆದ್‌ನಲ್ಲಿ ಬೆಳೆದ ನನ್ನ ಮಾವನ ಮಗಳಿಗೆ ರಜೆಯಲ್ಲಿ ಇದನ್ನು ತೋರಿಸಿದೆ. ಕನ್ನಡ ಚೆನ್ನಾಗಿ ಮಾತಾಡ್ತಾಳೆ, ಓದೋಕೆ ಈಗ ಕಲೀತಿದ್ದಾಳೆ. ಒತ್ತಕ್ಷರ ಯಾಕೆ ಕಷ್ಟ ಅನ್ನೋದು ಆ ಐದರಲ್ಲಿ ಅವಳಿಗೆ ಕಾಣಿಸ್ತು. ನನ್ನ ಚಿಂತೆ ಬೇರೆ: ರಾಜ್ಯೋತ್ಸವದ ಬ್ಯಾಡ್ಜ್‌ಗೆ ಹೆಸರಿನ ಮೊದಲಕ್ಷರ ತೆಗೆಯೋಕೆ [0] ಹಾಕಿದರೆ ‘ಶ್ರೀ’ ಬರಲ್ಲ, ಬರೀ ‘ಶ’. ಈ ಸಲ ಕೈಯಲ್ಲೇ ಬರೀತಿದ್ದೀವಿ.