ಪೆಟ್ಟಿಗೆಯನ್ನು ಮಾತನಾಡಿಸಿದ್ದು

ಹೊಳೆನರಸೀಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬಿ.ಎ. ಓದುವವನೆಂದರೆ ಸಕಲವಿದ್ಯಾಪಾರಂಗತನೆಂದೇ ಲೆಕ್ಕ. ಬ್ಯಾಂಕಿನ ಕಾಗದ ಬಂದರೂ, ಪಂಪಿನ ಮೋಟಾರು ಕೆಟ್ಟರೂ ಅವನಿಗೇ ಕರೆ. ಹೀಗಿರಲು, ನಮ್ಮಣ್ಣ ಹಾಸನದಿಂದ ಹಳೆಯದೊಂದು ಹೋಮ್ ಥಿಯೇಟರ್ ರಿಸೀವರನ್ನೂ ಸ್ಪೀಕರುಗಳನ್ನೂ ತಂದು ನಡುಮನೆಯಲ್ಲಿ ಇಳಿಸಿದಾಗ, ಅದನ್ನು ಮಾತನಾಡಿಸುವ ಹೊಣೆ ನನ್ನ ತಲೆಗೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅದಕ್ಕೆ ಸೇರಿಸಬೇಕಾದುವು ಮೂರು: ಟಿವಿ, ಸೆಟ್‌ಟಾಪ್ ಬಾಕ್ಸು, ಡಿವಿಡಿ ಪ್ಲೇಯರು. ತಂದೆಯವರಿಗೆ ಕೊನೆಯದರ ಮೇಲೆಯೇ ಕಣ್ಣು. ಹಿಂದೊಮ್ಮೆ ಊರ ಹಬ್ಬದಲ್ಲಿ ಆಡಿದ ಕುರುಕ್ಷೇತ್ರ ನಾಟಕದಲ್ಲಿ ಅವರು ಕರ್ಣನ ಪಾತ್ರ ಮಾಡಿದ್ದರು. ಅದರ ಡಿಸ್ಕು ನಮ್ಮಲ್ಲಿದೆ. ಟಿವಿಯ ಪುಟ್ಟ ಸ್ಪೀಕರಿನಲ್ಲಿ ಹಾರ್ಮೋನಿಯಂ ಕೇಳುತ್ತಿತ್ತೇ ಹೊರತು ಕರ್ಣ ಕೇಳುತ್ತಿರಲಿಲ್ಲ. ಕಳೆದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ತಂದೆಯವರು ಹಾಡುವುದಿರಲಿ, ಗಟ್ಟಿಯಾಗಿ ಮಾತನಾಡುವುದನ್ನೂ ಬಿಟ್ಟಿದ್ದಾರೆ.

ರಿಸೀವರಿನ ಬೆನ್ನು ತುಂಬ ಜೇನುಗೂಡಿನಂತೆ ಕಂಡಿಗಳು. ಇಂಗ್ಲಿಷಿನ ಕೈಪಿಡಿಯನ್ನು ಪರೀಕ್ಷೆಗೆ ಓದುವಂತೆ ಓದಿದೆ. ಒಂದು ಬಗೆಯ ತಂತಿಯಲ್ಲಿ ಧ್ವನಿಯು ಕೆಂಬೆಳಕಾಗಿ ಹರಿಯುತ್ತದೆ. 1983ರಲ್ಲಿ ಜಪಾನಿನ ತೋಶಿಬಾ ಸಂಸ್ಥೆ ತಂದ ಏರ್ಪಾಡು ಇದು. ಕೋಆಕ್ಸಿಯಲ್ ಎಂಬ ಇನ್ನೊಂದರಲ್ಲಿ ಅದೇ ಧ್ವನಿ ತಾಮ್ರದ ಮೂಲಕ ವಿದ್ಯುತ್ತಾಗಿ ಹೋಗುತ್ತದೆ. ದಾರಿ ಬೇರೆಯಾದರೂ ಎರಡರಲ್ಲಿಯೂ ಸಾಗುವುದು ಅಂಕಿಗಳೇ. ಸಿ.ಡಿ.ಯ ಸಂಗೀತವಾದರೆ ಸೆಕೆಂಡಿಗೆ 44,100 ಬಾರಿ ಅಳೆದ ಅಂಕಿಗಳು.

ಇಷ್ಟು ತಿಳಿದವನು ಮಾಡಿದ ಮೊದಲ ಘನಕಾರ್ಯವೆಂದರೆ, ಬೆಳಕಿನ ತಂತಿಯ ತುದಿಯಲ್ಲಿದ್ದ ಪ್ಲಾಸ್ಟಿಕ್ ಟೋಪಿಯನ್ನು ತೆಗೆಯದೆ ಅರ್ಧ ಗಂಟೆ ತುರುಕಿದ್ದು! ಎರಡನೆಯದು, ಡಿವಿಡಿಯ ಕೋಆಕ್ಸಿಯಲ್ ತಂತಿಯನ್ನು ಕೆಂಪು ಕಂಡಿಗೆ ಸಿಕ್ಕಿಸಿದ್ದು. ಅದು ಸಲೀಸಾಗಿ ಕುಳಿತಿತು, ಆದರೆ ಕಂಡಿ ಅನಲಾಗ್ ಧ್ವನಿಯದು. ಅದಕ್ಕೆ ಅಂಕಿಗಳ ಭಾಷೆ ಬಾರದು. ಸೆಟ್‌ಟಾಪ್ ಬಾಕ್ಸು ಮಾತ್ರ ನನಗೆ ಕರುಣೆ ತೋರಿತು. ಅದು ಮೊದಲೇ ಟಿವಿಗೆ ಸೇರಿದ್ದುದರಿಂದ, ಟಿವಿಯ ಬೆಳಕಿನ ತಂತಿಯಲ್ಲಿಯೇ ಅದರ ಧ್ವನಿಯೂ ಬಂದಿತು.

ಡಿವಿಡಿಯ ತಂತಿಯನ್ನು ಸರಿಯಾದ ಕಂಡಿಗೆ ಬದಲಿಸಿದರೂ ಅದು ಮೂಕ. ಮೂರನೆಯ ದಿನ ನಾಚಿಕೆ ಬಿಟ್ಟು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಮುದುಕರು ನಕ್ಕು, “ತಂತಿ ಹಾಕೋದು ಅರ್ಧ ಕೆಲಸ ಕಣಪ್ಪ. ಯಾವ ಗುಂಡಿ ಒತ್ತಿದರೆ ಯಾವ ಕಂಡಿ ಕೇಳಬೇಕು ಅಂತ ಪೆಟ್ಟಿಗೆಗೆ ಹೇಳಿದ್ದೀಯಾ?” ಎಂದರು. ಹೇಳಿರಲಿಲ್ಲ. ರಿಸೀವರಿಗೆ ಕಿವಿ ಹಲವಿದ್ದರೂ ಅದು ಒಂದು ಸಲಕ್ಕೆ ಒಬ್ಬರ ಮಾತನ್ನೇ ಆಲಿಸುವುದು. ಡಿವಿಡಿ ಗುಂಡಿಗೆ ಕೋಆಕ್ಸಿಯಲ್ ಕಂಡಿಯನ್ನು ಮೆನುವಿನಲ್ಲಿ ಗೊತ್ತುಮಾಡಿಕೊಡಬೇಕು. ಕೈಪಿಡಿಯ ಆ ಪುಟವನ್ನು ನಾನು ಎರಡು ಬಾರಿ ಓದಿದ್ದೆ, ಅರ್ಥವಾಗಿರಲಿಲ್ಲ.

ಅಂದು ಸಂಜೆ ಕರ್ಣನ ಕಂಠ ನಡುಮನೆಯನ್ನೆಲ್ಲ ತುಂಬಿತು. ಅವ್ವ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ತಂದೆಯವರು ನೆಲ ನೋಡುತ್ತ ಕುಳಿತಿದ್ದರು. ಪದ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು, ಪಿಸುದನಿಯಲ್ಲಿ, “ಕೊನೇಲಿ ಶ್ರುತಿ ತಪ್ಪಿದೆ, ಅಲ್ವೇನೋ?” ಎಂದು ಕೇಳಿದರು.

ಅದನ್ನು ಹೇಳುವಷ್ಟು ಸಂಗೀತ ನನಗೆ ಬಾರದು. ಆದರೂ ಬಿ.ಎ. ಓದಿದವನ ಗಾಂಭೀರ್ಯದಿಂದ, “ಇಲ್ಲಪ್ಪ” ಎಂದೆ.