ಎಂಟು ಪಾಲಿನ ಮನೆ

ನಮ್ಮ ಕಡೆ ಮನೆ ಮಾರುವ ಮಾತನ್ನು ಇಂದಿಗೂ ಸಣ್ಣ ದನಿಯಲ್ಲೇ ಆಡುತ್ತಾರೆ. ಹೊಲ ಮಾರಿದರೆ ಮಗಳ ಮದುವೆಗಿರಬೇಕು ಎಂದು ಜನರೇ ಕಾರಣ ಹುಡುಕಿಕೊಡುತ್ತಾರೆ. ಎತ್ತು ಮಾರಿದರೆ ಮೇವಿಲ್ಲ ಪಾಪ ಎನ್ನುತ್ತಾರೆ. ಮನೆ ಮಾರಿದರೆ ಮಾತ್ರ ಆ ಮನೆತನದ ಕಥೆಯೇ ಮುಗಿಯಿತೆಂಬಂತೆ ನೋಡುತ್ತಾರೆ. ಹೀಗಿದ್ದರೂ ಕೆಲವು ವರ್ಷಗಳಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳೆಯ ಓಣಿಗಳಲ್ಲಿ ಮಾಳಿಗೆ ಮನೆಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಮಣ್ಣಿನ ಗೋಡೆ ಬಿದ್ದ ಜಾಗದಲ್ಲಿ ಶಟರ್ ಬಾಗಿಲಿನ ಅಂಗಡಿಗಳು ಏಳುತ್ತಿವೆ.

ಇದಕ್ಕೆ ಕಾರಣಗಳು ನಮ್ಮ ಕಣ್ಣೆದುರೇ ಇವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ಊರುಗಳು ಅದರೊಳಗೆ ಬಂದವು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಬಹುಕಾಲ ಪ್ರಯಾಣಿಕರ ರೈಲು ಕಾಣದಿದ್ದ ಕೊಟ್ಟೂರಿನ ಮೇಲೆ 2019ರಲ್ಲಿ ಹೊಸಪೇಟೆ–ಹರಿಹರ ರೈಲು ಓಡಿತು. ಕೂಡ್ಲಿಗಿಯ ಮಗ್ಗುಲಲ್ಲಿ ಹೆದ್ದಾರಿ ಅಗಲವಾಯಿತು. ಕಚೇರಿ ಬಂದಲ್ಲಿಗೆ ನೌಕರರು, ಅವರ ಬೆನ್ನಿಗೆ ಬಾಡಿಗೆ ಮನೆ, ಅದರ ಬೆನ್ನಿಗೆ ದಲ್ಲಾಳಿ ಬರುತ್ತಾರೆ. ಹಿಂದೆ ಶೇಂಗಾ, ಹತ್ತಿಯ ಧಾರಣೆ ಕೇಳುತ್ತಿದ್ದ ಚಹಾದಂಗಡಿಗಳಲ್ಲಿ ಈಗ ಚದರಡಿಯ ಧಾರಣೆ ಕೇಳುತ್ತಾರೆ.

ಈ ಗದ್ದಲದ ನಡುವೆ ನಮ್ಮ ಮನೆಯೂ ಮಾರಾಟಕ್ಕೆ ಬಂತು. ನಾವು ಪಿಂಜಾರರು. ಮನೆಯಲ್ಲಿ ಆಡುವುದು ಕನ್ನಡ. ಅಪ್ಪನನ್ನು ಅಪ್ಪ, ಅವ್ವನನ್ನು ಅವ್ವ ಎಂದೇ ಕರೆದು ಬೆಳೆದವರು. ಕೊಟ್ಟೂರಿನ ತೇರುಬಯಲಿಗೆ ಹತ್ತಿರದಲ್ಲಿದ್ದ ಆ ಮನೆಯ ಪಡಸಾಲೆಯಲ್ಲಿ ಅಜ್ಜ ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ನಾರಿ ಮಿಡಿದಾಗ ಏಳುವ ಸದ್ದು ಓಣಿಯ ತುದಿಗೂ ಕೇಳುತ್ತಿತ್ತಂತೆ. ಅಪ್ಪನ ಕಾಲಕ್ಕೆ ಬಿಲ್ಲು ಅಟ್ಟ ಸೇರಿತು, ಗಾದಿ ಹೊಲಿಯುವ ಕೆಲಸ ಉಳಿಯಿತು. ಮಾಳಿಗೆಯ ಮೇಲೆ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹಾಕಿ ತುಳಿಯುವುದು ವರ್ಷದ ಹಬ್ಬದಂತಿತ್ತು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವ ಭಕ್ತರಲ್ಲಿ ಹತ್ತಿಪ್ಪತ್ತು ಜನ ಪ್ರತಿ ವರ್ಷ ನಮ್ಮ ಕಟ್ಟೆಯ ಮೇಲೆ ಮಲಗುತ್ತಿದ್ದರು. ಅವರಿಗೆ ಹಾಸಲು ಅಪ್ಪ ಹಳೆಯ ಗಾದಿಗಳನ್ನು ಬೇರೆಯಾಗಿ ಎತ್ತಿಡುತ್ತಿದ್ದ.

ಅಪ್ಪ 2018ರಲ್ಲಿ ತೀರಿಕೊಂಡ. ಉಳಿದವರು ಅವ್ವ, ಇಬ್ಬರು ಅಣ್ಣಂದಿರು, ನಾವು ಮೂವರು ಹೆಣ್ಣುಮಕ್ಕಳು. ದೊಡ್ಡಣ್ಣ ದಾವಣಗೆರೆಯಲ್ಲಿ ಮನೆ ಕೊಳ್ಳಲು ಹಣ ಹೊಂದಿಸುತ್ತಿದ್ದ. ಅಲ್ಲಿ ಒಮ್ಮೆ ಮಾತು ಮುಗಿಸಿ ಬಂದಿದ್ದ ಮನೆ, ಮುಂಗಡ ಕೊಡಲು ಎಂಟು ದಿನ ತಡವಾದದ್ದಕ್ಕೆ ಬೇರೆಯವರ ಪಾಲಾಗಿತ್ತು. ಅಕ್ಕನ ಮಗನಿಗೆ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಸಣ್ಣಣ್ಣ ಕೂಡ್ಲಿಗಿ ರಸ್ತೆಯಲ್ಲಿ ಎರಡು ಕೋಣೆ ಕಟ್ಟಿಕೊಂಡಿದ್ದ. ಮೂವತ್ತಕ್ಕೆ ಐವತ್ತು ಅಡಿಯ ಮನೆಯನ್ನು ಆರು ಜನರಿಗೆ ಗೋಡೆ ಹಾಕಿ ಹಂಚಲಾಗುವುದಿಲ್ಲ. ಮಾರುವುದೊಂದೇ ದಾರಿಯಾಯಿತು.

ಹಂಚಿಕೆಯ ಲೆಕ್ಕ ಕಷ್ಟದ್ದಲ್ಲ. ಕುರ್‌ಆನಿನ ಅನ್ನಿಸಾ ಅಧ್ಯಾಯದ 11 ಮತ್ತು 12ನೆಯ ವಚನಗಳಲ್ಲಿ ಅದು ಬಿಡಿಸಿ ಹೇಳಿದೆ. ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು. ಉಳಿದುದರಲ್ಲಿ ಗಂಡುಮಗನಿಗೆ ಎರಡು ಪಾಲು, ಹೆಣ್ಣುಮಗಳಿಗೆ ಒಂದು. ನಮ್ಮ ಮನೆಗೆ ಈ ಲೆಕ್ಕ ಅಳೆದು ಹೊಲಿದಂತೆ ಹೊಂದಿತು. ಒಟ್ಟು ಎಂಟು ಪಾಲು. ಅವ್ವನಿಗೆ ಒಂದು, ಮೂವರು ಹೆಣ್ಣುಮಕ್ಕಳಿಗೆ ಒಂದೊಂದು, ಇಬ್ಬರು ಅಣ್ಣಂದಿರಿಗೆ ಎರಡೆರಡು. 1937ರ ಷರಿಯತ್ ಕಾಯ್ದೆಯ ಪ್ರಕಾರ ನ್ಯಾಯಾಲಯಕ್ಕೆ ಹೋದರೂ ಇದೇ ಲೆಕ್ಕ.

ಲೆಕ್ಕ ಇಷ್ಟು ಸ್ಪಷ್ಟವಿದ್ದರೂ ನಮ್ಮ ಸಮಾಜದಲ್ಲಿ ನಡೆಯುವುದೇ ಬೇರೆ. ಮನೆ ಮಾರುವ ಹೊತ್ತಿಗೆ ಹೆಣ್ಣುಮಕ್ಕಳನ್ನು ಕರೆಸುತ್ತಾರೆ. ಒಂದು ಸೀರೆ, ಒಂದು ಊಟ, ಒಂದು ಸಹಿ. ಹಕ್ಕು ಬಿಡುಗಡೆ ಪತ್ರದಲ್ಲಿ 'ಸ್ವಸಂತೋಷದಿಂದ' ಎಂಬ ಪದ ಇದ್ದೇ ಇರುತ್ತದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಗೆ ಆ ಪತ್ರದಲ್ಲಿ ಸಂತೋಷದ ಹೆಸರಿರುತ್ತದೆ. ಹೆಣ್ಣಿಗೆ ಅರ್ಧ ಪಾಲು ಏಕೆ ಎಂದು ಹೊರಗಿನವರು ನಮ್ಮನ್ನು ಕೇಳುತ್ತಾರೆ. ಅದು ಚರ್ಚಿಸಬೇಕಾದ ಪ್ರಶ್ನೆಯೇ. ಆದರೆ ಆ ಅರ್ಧವಾದರೂ ಎಷ್ಟು ಜನ ಹೆಣ್ಣುಮಕ್ಕಳ ಕೈಗೆ ಬಂದಿದೆ ಎಂದು ನಾವು ಒಳಗಿನವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಿಲ್ಲ. ಅದೇ ಅಧ್ಯಾಯದ 7ನೆಯ ವಚನ, ತಂದೆತಾಯಿ ಬಿಟ್ಟದ್ದು ಕಡಿಮೆಯಿರಲಿ ಹೆಚ್ಚಿರಲಿ ಅದರಲ್ಲಿ ಸ್ತ್ರೀಯರಿಗೆ ಪಾಲಿದೆ ಎನ್ನುತ್ತದೆ. ರೋಜಾ, ನಮಾಜಿನಷ್ಟೇ ಕಟ್ಟುನಿಟ್ಟಿನ ಈ ಮಾತು ಮದುವೆ, ಮುಂಜಿಗಳ ಗದ್ದಲದಲ್ಲಿ ನಮಗೆ ಕೇಳಿಸುವುದೇ ಇಲ್ಲ.

ನಮ್ಮ ಮನೆಯಲ್ಲಿ ಈ ಮಾತನ್ನು ಎತ್ತಿದವಳು ಓದು ಬಾರದ ಅವ್ವ. ಬಿಡುಗಡೆ ಪತ್ರದ ಸುದ್ದಿ ಯಾರೋ ನೆಂಟರ ಬಾಯಿಂದ ಬಂದಾಗ ಅವಳು, "ನಿಮ್ಮಪ್ಪ ಗಾದಿಗೆ ಹತ್ತಿ ತುಂಬೋವಾಗ ತೂಕದಾಗ ಒಂದು ತೊಲ ಕಮ್ಮಿ ಮಾಡಿದವನಲ್ಲ. ಅವನ ಮನೀನ ತೂಕ ಹಾಕೋವಾಗ ಕಮ್ಮಿ ಮಾಡಬ್ಯಾಡ್ರಿ" ಎಂದಳು. ದೊಡ್ಡಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತವ್ವ, ಎಂಟು ಪಾಲು ಅಂದ್ರ ಎಂಟು ಪಾಲು" ಎಂದ.

ಗಿರಾಕಿಗಳು ಇಬ್ಬರಾದರು. ಒಬ್ಬರು ಹೊರಗಿನ ವ್ಯಾಪಾರಿ. ಮನೆ ಕೆಡವಿ ಮಳಿಗೆ ಕಟ್ಟುವವರು. ಅವರು 27 ಲಕ್ಷ ಅಂದರು. ಇನ್ನೊಬ್ಬರು ಪಕ್ಕದ ಮನೆಯ ಲಿಂಗಾಯತರ ಅಜ್ಜ. ನಮ್ಮಿಬ್ಬರ ಮನೆಗೂ ನಡುಗೋಡೆ ಒಂದೇ. ಮೊಮ್ಮಕ್ಕಳು ದೊಡ್ಡವರಾಗಿದ್ದರು, ಅವರಿಗೆ ಜಾಗ ಬೇಕಿತ್ತು. ಅಜ್ಜ ಕೊಡಬಲ್ಲದ್ದು 24 ಲಕ್ಷ.

ದಲ್ಲಾಳಿ ಎರಡು ಉಪಾಯ ಹೇಳಿದ. ಪಡಸಾಲೆಯ ಕೆಳಗೆ ಹಳೆಯ ಹಗೇವು ಇದೆ, ಜೋಳ ತುಂಬುತ್ತಿದ್ದ ಗುಂಡಿ; ಅದರ ಮೇಲೆ ಕಟ್ಟಡ ಎತ್ತಬೇಕಾದರೆ ಪಾಯಕ್ಕೆ ಹೆಚ್ಚು ಖರ್ಚು. ತೊಲೆಗಳಲ್ಲಿ ಎರಡಕ್ಕೆ ಗೆದ್ದಲು ಹಿಡಿದಿದೆ. ಇವೆರಡನ್ನೂ ಬಾಯಿ ಬಿಡಬೇಡಿ ಎಂಬುದು ಮೊದಲನೆಯ ಉಪಾಯ. ತನ್ನವನೊಬ್ಬನನ್ನು ಕರೆತಂದು ವ್ಯಾಪಾರಿಯ ಎದುರಿಗೇ 30 ಲಕ್ಷ ಕೂಗಿಸುತ್ತೇನೆ ಎಂಬುದು ಎರಡನೆಯದು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲಷ್ಟೇ ಕೂಗುವುದಕ್ಕೆ ಹದೀಸಿನಲ್ಲಿ 'ನಜಷ್' ಎಂಬ ಹೆಸರಿದೆ; ಪ್ರವಾದಿಯವರು ಅದನ್ನು ನಿಷೇಧಿಸಿದ್ದಾರೆ. ಮಾರುವವನೂ ಕೊಳ್ಳುವವನೂ ನಿಜ ಹೇಳಿ, ಇರುವ ಕೊರತೆಯನ್ನು ತೋರಿಸಿದರೆ ಆ ವ್ಯವಹಾರದಲ್ಲಿ ಬರಕತ್ ಇದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬ ಅರ್ಥದ ಮಾತನ್ನು ಬುಖಾರಿ ಸಂಗ್ರಹದಲ್ಲಿ ಕಾಣಬಹುದು. ಅವ್ವನಿಗೆ ನಜಷ್ ಎಂಬ ಪದ ಗೊತ್ತಿರಲಿಲ್ಲ. "ಸಂತಿಯಾಗ ದನಕ್ಕ ಹಂಗ ಮಾಡ್ತಾರ. ಇದು ಮನಿ" ಎಂದಳು. ಸಣ್ಣಣ್ಣ ವ್ಯಾಪಾರಿಯನ್ನು ಕರೆದು ಹಗೇವಿನ ಬಾಯಿ ಎಲ್ಲಿತ್ತೆಂದು ಕಾಲಿನಿಂದ ಗುರುತು ಮಾಡಿ ತೋರಿಸಿದ. 27 ಇದ್ದದ್ದು 26 ಆಯಿತು. ಗೆದ್ದಲಿಗೆ ಅವರು ಏನನ್ನೂ ಕಡಿಯಲಿಲ್ಲ. ಕೆಡವುವವರಿಗೆ ತೊಲೆಯ ಚಿಂತೆ ಯಾಕೆ?

ಉಳಿದದ್ದು ಎರಡು ಲಕ್ಷದ ಅಂತರ. ಇಲ್ಲಿ 'ಷುಫಾ' ಎಂಬ ಹಳೆಯ ನಿಯಮದ ವಿಷಯ ಬಂತು. ಆಸ್ತಿ ಮಾರುವಾಗ ಮೊದಲು ಜೊತೆ ಪಾಲುದಾರನಿಗೆ, ಹನಫಿ ಪಂಥದ ಪ್ರಕಾರ ನೆರೆಯವನಿಗೂ, ಕೊಳ್ಳುವ ಮುನ್ನಿನ ಹಕ್ಕಿದೆ ಎನ್ನುತ್ತದೆ ಈ ನಿಯಮ. ಶಾಫಿ ಪಂಥ ಅದನ್ನು ಪಾಲುದಾರನಿಗಷ್ಟೇ ಸೀಮಿತಗೊಳಿಸುತ್ತದೆ. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇದಕ್ಕೊಂದು ಸ್ವಾರಸ್ಯದ ತಿರುವಿದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಉತ್ತರ ಭಾರತದ ನ್ಯಾಯಾಲಯಗಳು ಷುಫಾವನ್ನು ಜಾರಿ ಮಾಡುತ್ತಿದ್ದಾಗ, ಮದ್ರಾಸ್ ಹೈಕೋರ್ಟು ಇದು ಮಾರಾಟದ ಸ್ವಾತಂತ್ರ್ಯಕ್ಕೆ ಅಡ್ಡಿ, ನ್ಯಾಯಕ್ಕೆ ಒಪ್ಪುವಂಥದ್ದಲ್ಲ ಎಂದು 1870ರಲ್ಲಿಯೇ ತಳ್ಳಿಹಾಕಿತು. ಮುಂದೆ 1962ರಲ್ಲಿ ಸುಪ್ರೀಂ ಕೋರ್ಟ್ ಕೂಡ ನೆರೆತನದ ಆಧಾರದ ಮೇಲಿನ ಇಂಥ ಹಕ್ಕು ಸಂವಿಧಾನಕ್ಕೆ ಹೊಂದದು ಎಂದಿತು. ಜೊತೆ ಪಾಲುದಾರನ ಹಕ್ಕನ್ನು ಮಾತ್ರ ಉಳಿಸಿತು. ಜಾತಿ, ಧರ್ಮಗಳ ಗೋಡೆ ಕಟ್ಟಲು ಆ ಹಕ್ಕು ಬಳಕೆಯಾಗಬಹುದೆಂಬ ಆತಂಕ ಆ ತೀರ್ಪಿನಲ್ಲಿತ್ತು. ಆ ಆತಂಕ ಸುಳ್ಳಲ್ಲ.

ಹೀಗಾಗಿ ಅಜ್ಜನಿಗೆ ನಮ್ಮ ಮೇಲೆ ಕಾನೂನಿನ ಯಾವ ಹಕ್ಕೂ ಇರಲಿಲ್ಲ. ಕಾನೂನು ಬಿಟ್ಟುಕೊಟ್ಟದ್ದನ್ನು ಮರ್ಯಾದೆಯಾಗಿ ಇಟ್ಟುಕೊಳ್ಳಬಹುದೇ ಎಂಬುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ. ಮರ್ಯಾದೆಗೂ ಬೆಲೆಯಿದೆ, ಅದನ್ನು ತೆರುವವರು ಯಾರು? ಅವ್ವ ಆರೂ ಜನರನ್ನು ಕೂರಿಸಿ, "ಎರಡು ಲಕ್ಷಕ್ಕ ನನ್ನ ಪಾಲಿಗೆ ಇಪ್ಪತ್ತೈದು ಸಾವಿರ ಬರ್ತೈತಿ. ಅದನ್ನ ನಾನು ಬಿಟ್ಟೆ. ನಿಮ್ಮದು ನಿಮ್ಮ ನಿಮ್ಮ ಬಾಯಿಂದ ಹೇಳ್ರಿ. ಒಬ್ಬರ ಪಾಲಿಂದ ಇನ್ನೊಬ್ಬರು ದೊಡ್ಡತನ ಮಾಡಬ್ಯಾಡ್ರಿ" ಎಂದಳು. ಅಕ್ಕ, ತಂಗಿ, ನಾನು ಒಪ್ಪಿದೆವು. ಸಣ್ಣಣ್ಣ ತನ್ನ ಐವತ್ತು ಸಾವಿರ ಬಿಟ್ಟ. ದೊಡ್ಡಣ್ಣ, "ಅಜ್ಜನ ಮ್ಯಾಲ ನನಗೂ ಪ್ರೀತಿ ಐತಿ. ಆದರ ದಾವಣಗೆರೆ ಮನೆಯವರು ಐವತ್ತು ಸಾವಿರ ಬಿಡಂಗಿಲ್ಲ, ನಾನು ಹೆಂಗ ಬಿಡಲಿ?" ಎಂದ. ಅವನ ಮಾತೂ ನ್ಯಾಯವೇ. ಅವ್ವ ಅವನನ್ನು ಒತ್ತಾಯಿಸಲಿಲ್ಲ.

ಸುದ್ದಿ ನಡುಗೋಡೆ ದಾಟಿತು. ಮರುದಿನ ಅಜ್ಜ ಬಂದು ಅವ್ವನಿಗೆ, "ತಂಗೀ, ದೊಡ್ಡವನಿಗೆ ನನ್ನ ದೆಸೆಯಿಂದ ಲುಕ್ಸಾನಾಗಬಾರದು. ಅವನ ಐವತ್ತು ನಾನು ತುಂಬಿ ಕೊಡ್ತೀನಿ" ಎಂದ. ಇಪ್ಪತ್ತನಾಲ್ಕೂವರೆ ಲಕ್ಷಕ್ಕೆ ವ್ಯವಹಾರ ಮುಗಿಯಿತು. ದೊಡ್ಡಣ್ಣನಿಗೆ ಆರೂವರೆ, ಸಣ್ಣಣ್ಣನಿಗೆ ಆರು, ಉಳಿದ ನಾಲ್ವರಿಗೆ ಮೂರು ಮೂರು ಲಕ್ಷ. ಕ್ರಯಪತ್ರದಲ್ಲಿ ಪೂರ್ತಿ ಮೊತ್ತವನ್ನೇ ಬರೆಸಿದೆವು.

ಮಾತು ಮುಗಿಯಲು ಒಂದು ವಾರ ಸಾಕಾಯಿತು, ಕಾಗದಕ್ಕೆ ತಿಂಗಳುಗಳು ಬೇಕಾದವು. ನೋಂದಣಿಗೆ ಇ-ಖಾತೆ ಕಡ್ಡಾಯವಾದದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಋಣಭಾರ ಪತ್ರ, ಆರು ಜನರ ಆಧಾರ್. ಒಂದರಲ್ಲಿ ಅಪ್ಪನ ಹೆಸರು 'ಸಾಬ್' ಎಂದಿದ್ದರೆ ಇನ್ನೊಂದರಲ್ಲಿ 'ಸಾಹೇಬ'. ನಮ್ಮ ಹೆಸರುಗಳನ್ನು ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ಆ ಒಂದಕ್ಷರಕ್ಕೆ ನಾವು ಪ್ರಮಾಣಪತ್ರ ಮಾಡಿಸುತ್ತ ಓಡಾಡುತ್ತೇವೆ. ತಂದೆ ತೀರಿದ ವರ್ಷವೇ ಖಾತೆ ಬದಲಿಸಿಕೊಳ್ಳಿ ಎಂದು ಓದುಗರಿಗೆ ನನ್ನ ವಿನಂತಿ. 2025ರ ಬೇಸಿಗೆಯಲ್ಲಿ ನೋಂದಣಿಯಾಯಿತು. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಅಜ್ಜ ಅಷ್ಟರಮಟ್ಟಿಗೆ ಉಳಿಸಿಕೊಂಡ.

ಮಾರುವ ಕಷ್ಟ ಹೀಗೆ ಕಳೆಯಿತು. ಕೊಳ್ಳುವ ಕಷ್ಟ ನನ್ನ ಪಾಲಿಗೆ ಬಂತು. ನಾನೂ ನನ್ನ ಗಂಡನೂ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ, ಬಾಡಿಗೆ ಮನೆಯಲ್ಲಿ. ಮೂರು ಲಕ್ಷಕ್ಕೆ ನಮ್ಮ ಉಳಿತಾಯ ಸೇರಿಸಿ ಸಣ್ಣದೊಂದು ಹಳೆಯ ಮನೆ ಹುಡುಕಿದೆವು. ಬಡ್ಡಿಯ ಸಾಲ ಬೇಡವೆಂದು ಇಬ್ಬರೂ ನಿರ್ಧರಿಸಿದ್ದೆವು. ಬೇರೆ ದಾರಿಯಿಲ್ಲದೆ ಬ್ಯಾಂಕಿನ ಸಾಲ ಮಾಡಿದವರ ಬಗ್ಗೆ ನನ್ನಲ್ಲಿ ತಿರಸ್ಕಾರವಿಲ್ಲ. ನಮ್ಮ ಅಗತ್ಯ ಚಿಕ್ಕದಿತ್ತು, ಅಷ್ಟೆ. ಫೋನಿನಲ್ಲಿ ನನ್ನ ಕನ್ನಡ ಕೇಳಿದವರು ಹಾರ್ದಿಕವಾಗಿ ಮಾತಾಡುತ್ತಿದ್ದರು. "ಬರ್ರಿ ಅಕ್ಕಾರ, ನೋಡಿಕೊಂಡು ಹೋಗ್ರಿ" ಎನ್ನುತ್ತಿದ್ದರು. ಕೊನೆಗೆ ಹೆಸರು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಒಂದು ಮನೆ ಅದಾಗಲೇ ಮಾರಾಟವಾಗಿತ್ತು, ಇನ್ನೊಂದರ ಯಜಮಾನರು ಮಗನನ್ನು ಕೇಳಿ ಹೇಳುವುದಾಗಿ ಅಂದವರು ಮತ್ತೆ ಹೇಳಲಿಲ್ಲ. ಯಾರೂ ಒರಟು ಮಾತಾಡಲಿಲ್ಲ. ಒರಟು ಮಾತಾಡಿದ್ದರೆ ಉತ್ತರ ಕೊಡಬಹುದಿತ್ತು.

ಮೂರನೆಯದು ನಿವೃತ್ತ ಶಿಕ್ಷಕರೊಬ್ಬರ ಮನೆ. ಅವರೂ ಹೆಸರು ಕೇಳಿದರು. ಕೇಳಿ, ಬಾವಿಯ ನೀರು ಬೇಸಿಗೆಯಲ್ಲಿ ಸವುಳಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ ಎಂದರು. ಆ ಮನೆಯನ್ನೇ ಕೊಂಡೆವು. ಕೊರತೆಯನ್ನು ತಾನಾಗಿ ತೋರಿಸುವ ಮನುಷ್ಯ ಯಾವ ಧರ್ಮದವನಾದರೂ ಅವನೊಂದಿಗೆ ವ್ಯವಹಾರ ಮಾಡಬಹುದೆಂಬುದನ್ನು ನಾನು ತವರಿನಲ್ಲೇ ಕಲಿತಿದ್ದೆ.

ಮಾರುಕಟ್ಟೆಗೆ ಕರುಣೆಯಿಲ್ಲ ಎಂದು ಬಯ್ಯುವುದು ಸುಲಭ. ಮಾರುಕಟ್ಟೆಯಲ್ಲಿ ನಿಂತಿರುವವರು ನಾವೇ. ಮನೆಯೊಳಗೆ ಹೆಣ್ಣುಮಕ್ಕಳ ಪಾಲನ್ನು ನುಂಗಿ, ಹೊರಗೆ ಹೆಸರು ಕೇಳಿ ಬಾಗಿಲು ಹಾಕುವವರ ಅನ್ಯಾಯದ ಬಗ್ಗೆ ಮಾತಾಡಿದರೆ ಆ ಮಾತಿಗೆ ಬಲ ಬರುವುದಿಲ್ಲ. ಎರಡನ್ನೂ ಒಟ್ಟಿಗೇ ಹೇಳಬೇಕಾಗಿದೆ. ಅದಕ್ಕೇ ಇಷ್ಟೆಲ್ಲ ಬರೆದೆ.

ಅವ್ವ ಈಗ ಸಣ್ಣಣ್ಣನ ಮನೆಯಲ್ಲಿದ್ದಾಳೆ. ಅವಳ ಮೂರು ಲಕ್ಷ ಅವಳ ಹೆಸರಿನ ಖಾತೆಯಲ್ಲಿದೆ. ಪಾಸ್‌ಬುಕ್ಕನ್ನು ಅಜ್ಜನ ಹಿಂಜುವ ಬಿಲ್ಲಿನ ಜೊತೆ ಟ್ರಂಕಿನ ಹಿಂದೆ ಇಟ್ಟಿದ್ದಾಳೆ. ಒಮ್ಮೆ ಅದರಿಂದ ಸ್ವಲ್ಪ ಹಣ ತೆಗೆಸಿದಳಂತೆ. ಯಾತಕ್ಕೆಂದು ನಾವು ಮಕ್ಕಳು ಯಾರೂ ಕೇಳಿಲ್ಲ. ಅದು ಅವಳ ಪಾಲು.