ಬಿಕಾಂ ಡೈರಿ, ಭಾಗ 6: ಜೆರಾಕ್ಸ್ ಮಾಡಿದ್ರೆ ಕಳ್ಳತನಾನಾ?

ಹೋದ ವಾರ ಮೇಡಂ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಪುಸ್ತಕದ 15 ಪುಟ ಹಾಕಿದ್ರು. ಸಂಜೆ ನೋಡಿದ್ರೆ ಡಿಲೀಟ್. ಯಾರೋ ‘ಕಾಪಿರೈಟ್ ಪ್ರಾಬ್ಲಂ ಆಗುತ್ತೆ’ ಅಂದ್ರಂತೆ. ಪುಸ್ತಕ ಇರೋರು ನಕ್ಕು ಸುಮ್ನಾದ್ರು. ಆದ್ರೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ದಿನಾ ಬಸ್ಸಲ್ಲಿ ಹಾಸನಕ್ಕೆ ಬರೋರ ಕಥೆ ಬೇರೆ. ಕೊನೇ ಪೀರಿಯಡ್ ಮುಗಿದ ತಕ್ಷಣ ಬಸ್‌ಸ್ಟ್ಯಾಂಡಿಗೆ ಓಡ್ಬೇಕು. ಲೈಬ್ರರೀಲಿ ಇರೋ 2 ಕಾಪಿ ಅವ್ರ ಕೈಗೆ ಯಾವಾಗ ಸಿಗುತ್ತೆ ಹೇಳಿ? ಅದಕ್ಕೇ ಕೂತು ಕಾನೂನು ಓದ್ದೆ.

ರೀಲ್ಸಲ್ಲಿ ಹೇಳ್ತಾರಲ್ಲ, ‘ಫೇರ್ ಯೂಸ್, 10 ಪರ್ಸೆಂಟ್ ಓಕೆ’ ಅಂತ, ಅದನ್ನ ಮರ್ತುಬಿಡಿ. ಫೇರ್ ಯೂಸ್ ಅಮೆರಿಕದ ಕಾನೂನಿನ ಪದ, ಅಲ್ಲಿನ ಕಾಯ್ದೇಲೂ ಪರ್ಸೆಂಟ್ ಬರೆದಿಲ್ಲ. ನಮ್ದು 1957ರ ಕಾಪಿರೈಟ್ ಕಾಯ್ದೆ, ಸೆಕ್ಷನ್ 52. ಪಾಠದ ಸಲುವಾಗಿ ಟೀಚರ್ ಆಗ್ಲಿ ವಿದ್ಯಾರ್ಥಿ ಆಗ್ಲಿ ಪ್ರತಿ ಮಾಡ್ಕೊಂಡ್ರೆ ಅದು ಉಲ್ಲಂಘನೆ ಅಲ್ಲ ಅಂತ ಅದ್ರಲ್ಲೇ ಇದೆ.

ಇದು ಕೋರ್ಟಲ್ಲೂ ಪರೀಕ್ಷೆ ಆಗಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ರಾಮೇಶ್ವರಿ ಅಂತ ಒಂದು ಜೆರಾಕ್ಸ್ ಅಂಗಡಿ. ಸಿಲಬಸ್‌ನಲ್ಲಿರೋ ಅಧ್ಯಾಯಗಳನ್ನ ಬೇರೆಬೇರೆ ಪುಸ್ತಕದಿಂದ ತೆಗೆದು ಒಟ್ಟಿಗೆ ಬೈಂಡ್ ಮಾಡಿ ಕೊಡ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂರೂ ಸೇರಿ ಅಂಗಡಿ ಮೇಲೂ ವಿಶ್ವವಿದ್ಯಾಲಯದ ಮೇಲೂ ಕೇಸ್ ಹಾಕಿದ್ವು. ಎಂಥಾ ಜೋಡಿ ನೋಡಿ! 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ವಜಾ ಮಾಡ್ತು. ಡಿಸೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ಎಷ್ಟು ಪುಟ ಅನ್ನೋದು ಅಳತೆ ಅಲ್ಲ, ಪಾಠಕ್ಕೆ ಅಷ್ಟು ಬೇಕಿತ್ತಾ ಅನ್ನೋದೇ ಅಳತೆ. ಅದನ್ನ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸ್ತು. 2017ರಲ್ಲಿ ಪ್ರಕಾಶಕರೇ ಕೇಸ್ ಹಿಂದಕ್ಕೆ ತಗೊಂಡ್ರು.

ಕಾಲೇಜ್ ಡೇ ನಾಟಕದವ್ರಿಗೆ ನಮ್ಮ ಕನ್ನಡದ್ದೇ ಒಂದು ಕೇಸಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಉಯಿಲಿನಂತೆ ಮಾಲಿನಿ ಮಲ್ಯ ಅವರಿಗೆ ಬಂತು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಡೆಯಿಂದ ದೆಹಲೀಲಿ ಪ್ರದರ್ಶನ ಆದಾಗ ಅವರು ಕೋರ್ಟಿಗೆ ಹೋದ್ರು. 2009ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನ ಎತ್ತಿಹಿಡೀತು. ಆದ್ರೆ ಕಾಲೇಜಿನೋರು ಸಿಬ್ಬಂದಿ, ವಿದ್ಯಾರ್ಥಿ, ಪೋಷಕರ ಮುಂದೆ ಆಡಿದ್ರೆ, ಹವ್ಯಾಸಿಗಳು ದುಡ್ಡು ತಗೊಳ್ದೆ ಆಡಿದ್ರೆ ಸೆಕ್ಷನ್ 52ರ ರಿಯಾಯಿತಿ ಇದ್ದೇ ಇದೆ ಅಂತಾನೂ ಹೇಳ್ತು.

ಹಂಗಾಗಿ ಮೇಡಂ ಹಾಕಿದ 15 ಪುಟ ಧಾರಾಳವಾಗಿ ಪಾಠದ ಒಳಗೇ ಬರುತ್ತೆ ಅಂತ ನನ್ನ ಲೆಕ್ಕ. ಆದ್ರೆ ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಸಾವಿರಾರು ಜನರ ಟೆಲಿಗ್ರಾಂ ಚಾನಲ್‌ಗೆ ಬಿಡೋದು ಯಾವ ಪಾಠ ಗುರೂ? ಬಿಕಾಂ ಪುಸ್ತಕ ಬರೆಯೋರಲ್ಲಿ ಎಷ್ಟೋ ಜನ ನಮ್ಮ ಕಡೆ ಮೇಷ್ಟ್ರುಗಳೇ. ಇನ್ನೊಂದು, ಮೇಡಂ ಕೈಯಾರೆ ಬರೆದ ನೋಟ್ಸನ್ನ ಸ್ಪೈರಲ್ ಹಾಕ್ಸಿ ಜೂನಿಯರ್ಸ್‌ಗೆ ಮಾರ್ತಿರೋ ಸೀನಿಯರ್ಸ್, ಅದೂ ಮೇಡಂ ಹೆಸರು ತೆಗೆದು! ಅದು ಅವರ ಬರಹ ಕಣ್ರೋ, ಪ್ರಿಂಟ್ ಆಗಿರ್ಲೇಬೇಕು ಅಂತೇನಿಲ್ಲ.

ಸೆಕ್ಷನ್ 52ರ ಸ್ಕ್ರೀನ್‌ಶಾಟ್ ಮುಂದಿನ ಸ್ಲೈಡಲ್ಲಿದೆ. ಮೇಡಂಗೂ ಕಳಿಸಿದ್ದೀನಿ. ‘ಸೋಮವಾರ ನೋಡೋಣಪ್ಪ’ ಅಂದಿದ್ದಾರೆ.